ಒಂದೇ ಕೋಣೆಯ ಮನೆ

ಈ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯೂ ಒಂದು ಲೇಖನವನ್ನು ಬರೆಯಲೇಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿರುವರು. ಶಿಸ್ತು, ಸಮಯಪಾಲನೆ, ಮಿತವ್ಯಯ ಎಂಬ ವಿಷಯಗಳ ಮೇಲೆ ನಾನು ಹೇಳುವ ಮಾತುಗಳನ್ನು ನಮ್ಮ ಹುಡುಗಿಯರು ಪ್ರತಿ ಸೋಮವಾರವೂ ಬೇಕಾದಷ್ಟು ಕೇಳಿರುತ್ತಾರೆ. ಅವನ್ನೇ ಅಚ್ಚು ಹಾಕಿಸಿ ಮನೆಗೂ ಕಳುಹಿಸುವುದು ನ್ಯಾಯವಲ್ಲ. ಆದುದರಿಂದ ಈ ಸಲ ಒಂದು ಮನೆಯ ಮಾರಾಟದ ಸಂಗತಿಯನ್ನು ಬರೆಯುವೆನು. ಆ ಮನೆ ಇರುವುದು ಅಮೇರಿಕಾ ದೇಶದ ನ್ಯೂಯಾರ್ಕ್ ಪಟ್ಟಣದಲ್ಲಿ. ಅದರ ಒಡತಿಯಾಗಿದ್ದವರು ಈ ಶಾಲೆಯ ಹಳೆಯ ವಿದ್ಯಾರ್ಥಿನಿ, ನನ್ನ ತಂದೆಯ ತಂಗಿ. "ನನ್ನ ಹೆಸರನ್ನು ಮಾತ್ರ ಹಾಕಬೇಡ, ಉಳಿದುದನ್ನೆಲ್ಲಾ ಹಾಕು" ಎಂದು ಅವರು ಅನುಮತಿ ಕೊಟ್ಟಿರುವುದರಿಂದ ಇಲ್ಲಿ ಅವರು ಬರೀ ಅತ್ತೆ.

ಅತ್ತೆ ನಮ್ಮ ಬೋರ್ಡಿಂಗಿನಲ್ಲಿದ್ದು ಓದಿದವರು. ಒಂದು ಮಂಚ, ಅದರ ಕೆಳಗೆ ಒಂದು ತಗಡಿನ ಟ್ರಂಕು, ಇಷ್ಟೇ ಅಲ್ಲಿ ಒಬ್ಬೊಬ್ಬಳಿಗೆ ಸಲ್ಲುವ ಜಾಗವೆಂಬುದನ್ನು ಹಳೆಯ ವಿದ್ಯಾರ್ಥಿನಿಯರು ಬಲ್ಲರು. ಇಲ್ಲಿಂದ ಹೊರಟು ದಾದಿಯ ತರಬೇತು ಪಡೆದು, 1974ರಲ್ಲಿ ಅವರು ಅಮೇರಿಕೆಗೆ ಹೋದರು. ಆ ದೇಶದವರು 1965ರಲ್ಲಿ ವಲಸೆಯ ಕಾಯಿದೆಯನ್ನು ತಿದ್ದಿದ ಬಳಿಕ ನಮ್ಮ ದೇಶದ ಅನೇಕ ದಾದಿಯರು ಹಾಗೆ ಹೋದರು. ಅತ್ತೆ ಮದುವೆಯಾಗಲಿಲ್ಲ. ತಿಂಗಳು ತಪ್ಪದೆ ಊರಿಗೆ ಹಣ ಕಳುಹಿಸಿದರು. ನಮ್ಮ ಮನೆಯ ಹಂಚು ಬದಲಾಯಿಸಿದ್ದು, ಚಿಕ್ಕಪ್ಪನ ಇಬ್ಬರು ಹೆಣ್ಣುಮಕ್ಕಳ ಮದುವೆ ನಡೆದದ್ದು, ನಾನು ಬಿ.ಎಡ್. ಓದಿದ್ದು, ಎಲ್ಲವೂ ಆ ಹಣದಿಂದಲೇ.

ನಮ್ಮ ಚಾವಡಿಯಲ್ಲಿ ಅತ್ತೆಯ ಒಂದು ಪಟ ತೂಗುತ್ತಿತ್ತು. ಕೆಂಪು ಇಟ್ಟಿಗೆಯ ದೊಡ್ಡ ಕಟ್ಟಡ, ಕಮಾನಿನ ಬಾಗಿಲು, ಕಲ್ಲಿನ ಮೆಟ್ಟಿಲುಗಳ ಮೇಲೆ ಕೋಟು ತೊಟ್ಟು ನಿಂತಿರುವ ಅತ್ತೆ. ನಾವು ಮಕ್ಕಳು ಆ ಪಟದ ಕಿಟಕಿಗಳನ್ನು ಎಣಿಸುತ್ತಿದ್ದೆವು. ಮೂವತ್ತು ಕಿಟಕಿಗಳಿದ್ದವು. ಮೂವತ್ತು ಕಿಟಕಿಯ ಮನೆಯಲ್ಲಿ ಅತ್ತೆಯೊಬ್ಬರೇ ಇರುವರಲ್ಲಾ, ರಾತ್ರಿ ಹೆದರಿಕೆಯಾಗದೇ ಎಂದು ನಾನು ಕೇಳಿದ್ದುಂಟು. ಅಮೇರಿಕೆಯಲ್ಲಿ ಕಳ್ಳರಿಲ್ಲವೆಂದು ಚಿಕ್ಕಪ್ಪ ಸಮಾಧಾನ ಹೇಳಿದ್ದರು. ಆ ಕಿಟಕಿಗಳೆಲ್ಲಾ ಅತ್ತೆಯವೇ ಎಂಬ ವಿಷಯದಲ್ಲಿ ಮಕ್ಕಳಿಗಾಗಲಿ ದೊಡ್ಡವರಿಗಾಗಲಿ ಸಂಶಯವಿದ್ದಿಲ್ಲ.

ಎರಡು ವರ್ಷಗಳ ಹಿಂದೆ ಚಳಿಗಾಲದಲ್ಲಿ ಅತ್ತೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ವಾಸಿಯಾದ ಮೇಲೆ, ಮನೆಯನ್ನು ಮಾರಿ ಊರಿಗೆ ಬರುವೆನೆಂದೂ, ಸಾಮಾನು ಕಟ್ಟಲು ಬೇಸಿಗೆ ರಜೆಯಲ್ಲಿ ಬರಬೇಕೆಂದೂ ನನಗೆ ಹೇಳಿಕಳುಹಿಸಿದರು. ಏಪ್ರಿಲ್ ತಿಂಗಳಲ್ಲಿ ಪರೀಕ್ಷೆಯ ಕೆಲಸ ಮುಗಿಸಿ ಹೊರಟೆನು.

ಪಟದಲ್ಲಿದ್ದ ಕಟ್ಟಡವನ್ನು ಬೀದಿಯ ತಿರುವಿನಲ್ಲಿಯೇ ಗುರುತು ಹಿಡಿದೆನು. ಲಿಫ್ಟಿನಲ್ಲಿ ನಾಲ್ಕನೆಯ ಅಂತಸ್ತಿಗೆ ಏರಿದೆವು. ಸಾಲಾಗಿದ್ದ ಬಾಗಿಲುಗಳಲ್ಲಿ ಒಂದನ್ನು ಅತ್ತೆ ಬೀಗದ ಕೈಯಿಂದ ತೆರೆದರು. ಒಳಗೆ ಒಂದು ಕೋಣೆ. ಇಪ್ಪತ್ತು ಅಡಿ ಉದ್ದ, ಹದಿನಾಲ್ಕು ಅಡಿ ಅಗಲ. ಒಂದು ಬದಿಗೆ ಇಬ್ಬರು ನಿಲ್ಲಲಾರದ ಅಡಿಗೆಮನೆ, ಇನ್ನೊಂದು ಬದಿಗೆ ಬಚ್ಚಲು, ಗೋಡೆಯೊಳಗೆ ಒಂದು ಬಟ್ಟೆಯ ಕಪಾಟು. ನಾನು ಪೆಟ್ಟಿಗೆಯನ್ನು ಕೆಳಗಿಡದೆ ನಿಂತಿದ್ದೆನು.

"ಉಳಿದ ಕೋಣೆಗಳು ಎಲ್ಲಿವೆ, ಅತ್ತೆ?" ಎಂದು ಕೇಳಿದೆನು.

"ನೀನು ನಿಂತಿರುವುದೇ ಮನೆ, ಮಗಾ. ಪೆಟ್ಟಿಗೆ ಇಡು. ಇಟ್ಟರೆ ನಡೆಯಲು ಜಾಗವಿರಲಿಕ್ಕಿಲ್ಲ, ಅದು ಬೇರೆ ಮಾತು" ಎಂದು ನಕ್ಕರು.

ಕಿಟಕಿಗಳು ಎರಡೇ ಇದ್ದವು.

ಇಂಥ ಮನೆಗೆ ಅಲ್ಲಿಯವರು ಸ್ಟುಡಿಯೋ ಎನ್ನುವರು. ಮಲಗುವ ಕೋಣೆ ಬೇರೆಯಾಗಿರದೆ ಕೂರುವುದು, ಉಣ್ಣುವುದು, ಮಲಗುವುದು ಎಲ್ಲವೂ ಒಂದೇ ಕಡೆಯಲ್ಲಿ. ಸ್ಟುಡಿಯೋ ಎಂದರೆ ಮೂಲದಲ್ಲಿ ಚಿತ್ರಗಾರನ ಕೆಲಸದ ಕೋಣೆ. ಅತ್ತೆಯಿದ್ದ ಗ್ರೀನಿಚ್ ವಿಲೇಜ್ ಎಂಬ ಪೇಟೆಯಲ್ಲಿ ಚಿತ್ರಗಾರರಿಗೆಂದೇ 1857ರಲ್ಲಿ ಒಂದು ಕಟ್ಟಡವನ್ನು ಕಟ್ಟಿದ್ದರು. 1956ರಲ್ಲಿ ಅದನ್ನು ಕೆಡವಿದರು. ಕಲೆಗಾರರೂ ಬರೆಯುವವರೂ ಕಡಿಮೆ ಬಾಡಿಗೆಗೆ ಬಂದು ನೆಲೆಸಿದ ಪೇಟೆಯದು. ಈಗ ಅಲ್ಲಿ ಕಡಿಮೆ ಬಾಡಿಗೆಯೆಂಬ ಮಾತೇ ಇಲ್ಲ. ಬೆಡಗಿನ ಅಂಗಡಿಗಳೂ ಕಾಫಿ ಕುಡಿಯುವ ಮನೆಗಳೂ ಬೀದಿಯ ತುಂಬಾ ಇವೆ. ಅಲ್ಲಿ ವಾಸವಿರುವುದೇ ಒಂದು ಹೆಮ್ಮೆಯೆಂದು ಎಣಿಸುವವರು ಹೆಚ್ಚಿದ್ದಾರೆ.

ಅತ್ತೆಯ ಕಟ್ಟಡ 1928ರಲ್ಲಿ ಕಟ್ಟಿದುದು. ಇಂಥವನ್ನು ಅಲ್ಲಿ "ಯುದ್ಧಪೂರ್ವ"ವೆಂದು ಕರೆಯುವರು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಕಟ್ಟಿದ್ದೆಂದು ಅರ್ಥ. ನಮ್ಮಲ್ಲಿ ಹಳೆಯ ಮನೆಯೆಂದರೆ ಬೆಲೆ ಇಳಿಯುತ್ತದೆ. ಅಲ್ಲಿ ಈ ಒಂದು ಮಾತಿನಿಂದಲೇ ಏರುವುದುಂಟು. ಕಾರಣವಿಲ್ಲದೆ ಅಲ್ಲ. ಆಗಿನ ಗೋಡೆಗಳು ದಪ್ಪ ಗಿಲಾವಿನವು, ನೆರೆಯವರ ಮಾತು ಕೇಳಿಸದು. ಮಾಳಿಗೆ ಎತ್ತರ, ನೆಲಕ್ಕೆ ಓಕ್ ಮರದ ಹಲಗೆ. ಕಿಟಕಿಯ ಕೆಳಗೆ ಎರಕದ ಕಬ್ಬಿಣದ ರೇಡಿಯೇಟರ್ ಇರುತ್ತದೆ. ನೆಲಮಾಳಿಗೆಯಲ್ಲಿ ನೀರು ಕಾಯಿಸಿ ಉಗಿಯನ್ನು ಕೊಳವೆಯಲ್ಲಿ ಮೇಲಕ್ಕೆ ಕಳುಹಿಸಿದರೆ ಅದು ಬುಸುಗುಟ್ಟುತ್ತಾ ಕೋಣೆಯನ್ನು ಬಿಸಿ ಮಾಡುವುದು. ಏಪ್ರಿಲಿನ ಚಳಿಯಲ್ಲಿ ನಡುರಾತ್ರಿ ಅದು ಸುತ್ತಿಗೆಯಿಂದ ಬಡಿದಂತೆ ಸದ್ದು ಮಾಡಲು, ನಾನು ಎದ್ದು ಕುಳಿತೆನು. "ಗಂಟೆ ಹೊಡೆಯಿತೆಂದು ಏಳಬೇಡ, ಇದು ಬೋರ್ಡಿಂಗಲ್ಲ" ಎಂದು ಅತ್ತೆ ಕತ್ತಲೆಯಲ್ಲಿಯೇ ಹೇಳಿದರು.

ಅತ್ತೆಗೆ ಈ ಕೋಣೆ ಸಿಕ್ಕಿದ ಬಗೆಯನ್ನು ಹೇಳಬೇಕು. ಹೋದ ಹೊಸತರಲ್ಲಿ ಅವರು ಬೇರೆ ಇಬ್ಬರು ದಾದಿಯರೊಡನೆ ಬಾಡಿಗೆಗಿದ್ದರು. ಕೆಲಸ ಸೇಂಟ್ ವಿನ್ಸೆಂಟ್ ಆಸ್ಪತ್ರೆಯಲ್ಲಿ. ಕಥೋಲಿಕ ಸಹೋದರಿಯರು 1849ರಲ್ಲಿ ಸ್ಥಾಪಿಸಿದ ಆಸ್ಪತ್ರೆಯದು. ರಾತ್ರಿಯ ಪಾಳಿ ಮುಗಿಸಿ ನಡೆದೇ ಮನೆ ಸೇರಬಹುದೆಂದು 1979ರಲ್ಲಿ ಈ ಕೋಣೆಯನ್ನು ಬಾಡಿಗೆಗೆ ಹಿಡಿದರು. 1984ರಲ್ಲಿ ಆ ಆಸ್ಪತ್ರೆಯವರು ಏಡ್ಸ್ ರೋಗಿಗಳಿಗಾಗಿ ಪ್ರತ್ಯೇಕ ವಾರ್ಡನ್ನು ತೆರೆದರು. ರೋಗಿಯ ಕೈ ಮುಟ್ಟಲು ಸ್ವಂತ ಮನೆಯವರೇ ಅಂಜುತ್ತಿದ್ದ ಕಾಲ. ಅತ್ತೆ ಆ ವಾರ್ಡಿನಲ್ಲಿ ಆರು ವರ್ಷ ಕೆಲಸ ಮಾಡಿದರು. ಊರಿಗೆ ಬರೆದ ಕಾಗದಗಳಲ್ಲಿ ಅದರ ಸುದ್ದಿ ಒಂದು ಸಾಲೂ ಇಲ್ಲ. "ಬರೆದಿದ್ದರೆ ನಾನು ಮುಟ್ಟಿದ ಹಣವೆಂದು ಮದುವೆ ನಿಲ್ಲುತ್ತಿತ್ತೇನೋ" ಎಂದರು. ತಮಾಷೆಗೆ ಹೇಳಿದರೋ ನಿಜಕ್ಕೆ ಹೇಳಿದರೋ ನಾನು ಅರಿಯೆನು.

ಆ ದಿನಗಳಲ್ಲಿ ನ್ಯೂಯಾರ್ಕಿನ ಅನೇಕ ಬಾಡಿಗೆ ಕಟ್ಟಡಗಳು ಒಂದು ಬಗೆಯ ಸಹಕಾರ ಸಂಘಗಳಾಗಿ ಬದಲಾದವು. ಇದರಲ್ಲಿ ಮನೆಯನ್ನು ಕೊಂಡವರು ಗೋಡೆಯನ್ನೋ ನೆಲವನ್ನೋ ಕೊಳ್ಳುವುದಿಲ್ಲ. ಇಡೀ ಕಟ್ಟಡ ಒಂದು ಕಂಪೆನಿಯದಾಗಿದ್ದು, ಅದರ ಷೇರುಗಳನ್ನು ಕೊಂಡು, ಆ ಹಕ್ಕಿನಿಂದ ತಮ್ಮ ಮನೆಯ ಗೇಣಿಪತ್ರವನ್ನು ಪಡೆಯುವರು. ಕಟ್ಟಡದ ತೆರಿಗೆ, ಉಗಿಯ ಖರ್ಚು, ಕಾವಲುಗಾರರ ಸಂಬಳ ಇವಕ್ಕಾಗಿ ತಿಂಗಳು ತಿಂಗಳು ಹಣ ತೆರುವರು. ಹೊಸದಾಗಿ ಕೊಳ್ಳುವವರನ್ನು ಸಂಘದ ಮಂಡಲಿಯವರು ಕರೆದು, ಲೆಕ್ಕಪತ್ರಗಳನ್ನು ನೋಡಿ, ನಮ್ಮಲ್ಲಿ ವರನನ್ನು ವಿಚಾರಿಸಿದಂತೆ ವಿಚಾರಿಸುವರು. ಬೇಡವೆಂದರೆ ಕಾರಣವನ್ನೂ ಹೇಳಬೇಕಾಗಿಲ್ಲ. ವರ್ಣ, ಮತ, ಸ್ತ್ರೀಪುರುಷ ಭೇದ ಮುಂತಾದುವುಗಳಿಗಾಗಿ ಬೇಡವೆನ್ನುವುದನ್ನು ಮಾತ್ರ ಕಾನೂನು ಒಪ್ಪದು. ಕಟ್ಟಡ ಹೀಗೆ ಬದಲಾಗುವಾಗ ಅದರಲ್ಲಿದ್ದ ಬಾಡಿಗೆದಾರರಿಗೆ ಅಗ್ಗದ ಕ್ರಯಕ್ಕೆ ಕೊಳ್ಳುವ ಅವಕಾಶ ದೊರೆಯುತ್ತಿತ್ತು. 1986ರಲ್ಲಿ ಅತ್ತೆಗೂ ದೊರೆಯಿತು. ಕ್ರಯ ನಲವತ್ತೆರಡು ಸಾವಿರ ಡಾಲರು.

ಬ್ಯಾಂಕಿನಲ್ಲಿ ಸಾಲ ಕೇಳಿದಾಗ ಅವರ ಸಂಬಳದ ಚೀಟಿಯನ್ನು ನೋಡಿ ಕೊಟ್ಟರು. ಇದೇನು ದೊಡ್ಡ ಮಾತೆಂದು ಈಗಿನ ಹುಡುಗಿಯರು ಕೇಳಬಹುದು. ಅತ್ತೆ ಆ ದೇಶದಲ್ಲಿ ಇಳಿದ 1974ನೆಯ ವರ್ಷದಲ್ಲಿಯೇ, ಹೆಂಗಸೆಂಬ ಕಾರಣಕ್ಕಾಗಲಿ ಮದುವೆಯಾಗಿಲ್ಲವೆಂಬ ಕಾರಣಕ್ಕಾಗಲಿ ಸಾಲ ನಿರಾಕರಿಸಬಾರದೆಂಬ ಕಾಯಿದೆ ಅಲ್ಲಿ ಹುಟ್ಟಿದುದು. ಅದಕ್ಕೆ ಮುಂಚೆ ದುಡಿಯುವ ಹೆಂಗಸೇ ಆದರೂ ಗಂಡನದೋ ತಂದೆಯದೋ ರುಜು ತಾ ಎನ್ನುವ ಬ್ಯಾಂಕುಗಳು ಅಷ್ಟು ಮುಂದುವರಿದ ದೇಶದಲ್ಲಿಯೂ ಇದ್ದವು.

ಸಂಜೆ ಹೊತ್ತು ಅತ್ತೆ ಕೋಲೂರಿಕೊಂಡು ನನ್ನನ್ನು ವಾಷಿಂಗ್ಟನ್ ಚೌಕಕ್ಕೆ ಕರೆದೊಯ್ಯುತ್ತಿದ್ದರು. 1950ರ ದಶಕದಲ್ಲಿ ಆ ಉದ್ಯಾನದ ನಡುವೆ ಮೋಟಾರು ರಸ್ತೆಯನ್ನು ಹಾಯಿಸಲು ಅಧಿಕಾರಿಗಳು ಹೊರಟಾಗ, ಅಲ್ಲಿ ಮಕ್ಕಳನ್ನು ಆಡಿಸುತ್ತಿದ್ದ ತಾಯಂದಿರು ಮುಂದೆ ನಿಂತು ತಡೆದರಂತೆ. ಪೇಟೆಯ ಹಳೆಯ ಮನೆಗಳನ್ನು ಕೆಡವದಂತೆ 1969ರಲ್ಲಿ ರಕ್ಷಣೆ ಕೊಟ್ಟುದರಿಂದ ಬೀದಿಗಳ ರೂಪ ಉಳಿಯಿತು, ಬೆಲೆಯೂ ಏರಿತು. ಚೌಕದ ಪೂರ್ವಕ್ಕೆ ಹತ್ತಂತಸ್ತಿನ ಒಂದು ಕಟ್ಟಡದ ಮುಂದೆ ಅತ್ತೆ ನಿಂತರು. 1911ನೆಯ ಮಾರ್ಚ್ 25ರಂದು ಅದರ ಮೇಲಂತಸ್ತುಗಳಲ್ಲಿದ್ದ ಅಂಗಿ ಹೊಲಿಯುವ ಕಾರ್ಖಾನೆಗೆ ಬೆಂಕಿ ಬಿದ್ದು 146 ಮಂದಿ ಸತ್ತರು. ಹೆಚ್ಚಿನವರು ವಲಸೆ ಬಂದ ತರುಣಿಯರು, ನಮ್ಮ ಮೇಲ್ತರಗತಿಯ ಹುಡುಗಿಯರ ವಯಸ್ಸಿನವರೂ ಇದ್ದರು. ಹೊರಗೆ ಹೋಗುವ ಒಂದು ಬಾಗಿಲಿಗೆ ಬೀಗ ಹಾಕಿತ್ತು.

"ಬಾಗಿಲು ಇತ್ತು. ಬೀಗದ ಕೈ ಅವರ ಹತ್ತಿರ ಇರಲಿಲ್ಲ" ಎಂದರು ಅತ್ತೆ. ಮತ್ತೇನೂ ಹೇಳದೆ ಮುಂದೆ ನಡೆದರು.

ಮಾರಾಟಕ್ಕೆ ಸಹಾಯ ಮಾಡಲು ದಲ್ಲಾಳಿಯಾದ ಒಬ್ಬ ಚುರುಕಿನ ತರುಣಿ ಬಂದಳು. ಕೋಣೆ ವಿಶಾಲವಾಗಿ ಕಾಣಬೇಕಾದರೆ ಅರ್ಧ ಸಾಮಾನು ಹೊರಗೆ ಹೋಗಬೇಕೆಂದಳು. ಅಜ್ಜ ಅಜ್ಜಿಯರ ಪಟ, ಕುಚ್ಚಲಕ್ಕಿಯ ಡಬ್ಬಿ, ಉಪ್ಪಿನಕಾಯಿಯ ಭರಣಿ, ಬೋರ್ಡಿಂಗಿನಿಂದ ಬಂದ ಅದೇ ತಗಡಿನ ಟ್ರಂಕು ಎಲ್ಲವನ್ನೂ ನೆಲಮಾಳಿಗೆಗೆ ಸಾಗಿಸಿದೆವು. ಅವಳು ಬರೆದ ಪ್ರಕಟಣೆಯಲ್ಲಿ ಯುದ್ಧಪೂರ್ವ ಸೊಬಗು, ಬೆಳಕಿನ ಕಿಟಕಿಗಳು, ಎತ್ತರದ ಮಾಳಿಗೆ, ಬಯಸುವವರೇ ಬಹಳವಿರುವ ಪೇಟೆ ಎಂದೆಲ್ಲಾ ಇತ್ತು. ಸುಳ್ಳು ಒಂದೂ ಇಲ್ಲ. ಆದರೂ ಪ್ರಬಂಧಗಳನ್ನು ತಿದ್ದಿ ರೂಢಿಯಾದ ನನಗೆ ಅದರಲ್ಲಿ ಮುಖ್ಯ ವಿಷಯವೇ ಬಿಟ್ಟುಹೋದಂತೆ ತೋರಿತು. ಕೇಳಿದ ಬೆಲೆ ಐದು ಲಕ್ಷ ಮೂವತ್ತು ಸಾವಿರ ಡಾಲರು. ನಮ್ಮ ಹಣದಲ್ಲಿ ನಾಲ್ಕು ಕೋಟಿ ರೂಪಾಯಿಗೆ ಮಿಕ್ಕಿ. ಒಂದು ಕೋಣೆಗೆ!

ಭಾನುವಾರ ಮಧ್ಯಾಹ್ನ ಬಾಗಿಲು ತೆರೆದಿಟ್ಟು, ನೋಡಲು ಬಂದವರನ್ನೆಲ್ಲಾ ಬಿಟ್ಟೆವು. ಕೊನೆಗೆ ಇಬ್ಬರು ಉಳಿದರು. ಒಬ್ಬರು ವಯಸ್ಸಾದ ಗೃಹಸ್ಥರು. ಸಾಲವಿಲ್ಲದೆ ಪೂರ್ಣ ಬೆಲೆ ಕೊಡುವೆನೆಂದರು. ಇನ್ನೊಬ್ಬಳು ಶಾಲೆಯ ಉಪಾಧ್ಯಾಯಿನಿ, ಒಂಟಿ ಹುಡುಗಿ. ಮೂವತ್ತು ಸಾವಿರ ಡಾಲರು ಕಡಿಮೆ. ನನ್ನ ಮನಸ್ಸು ಯಾರ ಕಡೆಗೆ ಎಳೆಯಿತೆಂದು ಹೇಳಬೇಕಾಗಿಲ್ಲ. "ಅತ್ತೆ, ಅವಳು ನಿಮ್ಮಂತೆಯೇ ಅಲ್ಲವೇ? ಸ್ವಲ್ಪ ಬಿಟ್ಟುಕೊಡಬಾರದೇ?" ಎಂದು ನಾನು ಉಪದೇಶಕ್ಕೆ ತೊಡಗಿದೆನು.

ಅತ್ತೆ ಚಹದ ಕಪ್ಪನ್ನು ಕೆಳಗಿಟ್ಟರು. "ಒಮ್ಮೆ ಬಿಟ್ಟುಕೊಟ್ಟಿದ್ದೇನೆ, ಮಗಾ. ಎರಡನೆಯ ಸಲ ಇಲ್ಲ" ಎಂದರು. ಪೂರ್ಣ ಬೆಲೆಗೇ ಒಪ್ಪಂದವಾಯಿತು.

ಆ ಮಾತಿನ ಅರ್ಥ ನನಗೆ ಮೂರು ದಿನಗಳ ಮೇಲೆ, ಟ್ರಂಕನ್ನು ಕಟ್ಟುವಾಗ, ತಿಳಿಯಿತು. ಅದರ ತಳದಲ್ಲಿ ನಮ್ಮ ಊರಿನ ನೋಂದಣಿ ಕಚೇರಿಯ ಒಂದು ಪ್ರತಿಯಿತ್ತು. 1998ರಲ್ಲಿ ಅಜ್ಜ ಉಯಿಲು ಬರೆಯದೆ ತೀರಿಕೊಂಡರು. ಅಜ್ಜಿ ಮೊದಲೇ ಹೋಗಿದ್ದರು. ನಮ್ಮ ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಲ್ಲಿ ಮಗನೆಂದೂ ಮಗಳೆಂದೂ ಭೇದವಿಲ್ಲ. ಮನೆ ಮತ್ತು ತೆಂಗಿನ ಹಿತ್ತಿಲಿನಲ್ಲಿ ಮೂರರಲ್ಲೊಂದು ಪಾಲು ಅತ್ತೆಗೆ ಸಲ್ಲತಕ್ಕದ್ದು. ನನ್ನ ತಂದೆಯೂ ಚಿಕ್ಕಪ್ಪನೂ ಒಂದು ಕಾಗದವನ್ನು ಕಳುಹಿಸಿದ್ದರು. ಅತ್ತೆ ಭಾರತದ ಕಾನ್ಸುಲೇಟಿಗೆ ಹೋಗಿ ಅಧಿಕಾರಪತ್ರಕ್ಕೆ ಸಹಿ ಮಾಡಿದರು. ಅದರ ಬಲದಿಂದ ಇಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಯಿತು. ಪ್ರತಿಫಲವೆಂಬಲ್ಲಿ "ಪ್ರೀತಿ ವಿಶ್ವಾಸಗಳಿಂದ" ಎಂದು ಬರೆದಿತ್ತು.

ನಾನು ಬೆಳೆದದ್ದು ಆ ಮನೆಯಲ್ಲಿ. ನನಗೆ ಓದಲು ಬೇರೆ ಕೋಣೆಯೊಂದನ್ನು ಅಲ್ಲಿ ಬಿಟ್ಟುಕೊಟ್ಟಿದ್ದರು. ಅತ್ತೆಯ ಹಣದಿಂದ ಓದಿ, ಅತ್ತೆಯ ಪಾಲಿನಲ್ಲಿ ಮಲಗಿ, ಅತ್ತೆಯ ಮೂವತ್ತು ಕಿಟಕಿಗಳನ್ನು ಎಣಿಸಿದವಳು ನಾನು.

ರಾತ್ರಿ ಅಪ್ಪನಿಗೆ ಫೋನು ಮಾಡಿದೆನು. ಎಂಭತ್ತೆರಡು ವಯಸ್ಸಿನ ತಂದೆಯನ್ನು ಮಗಳು ಪ್ರಶ್ನಿಸುವುದು ಸುಲಭವಲ್ಲ. "ಅವಳಿಗೆ ಅಲ್ಲಿ ಏನು ಕಡಿಮೆ? ಅಷ್ಟು ದೊಡ್ಡ ಬಂಗಲೆ ಇರುವಾಗ ಈ ಹಿತ್ತಿಲು ಅವಳಿಗೆ ಏಕೆಂದು ನಾವು ಭಾವಿಸಿದೆವು" ಎಂದರು. ಬಾಗಿಲಲ್ಲಿ ನಿಂತರೆ ಇಡೀ ಮನೆ ಒಂದೇ ಚಿತ್ರದಲ್ಲಿ ಬರುತ್ತದೆ. ಅದನ್ನು ತೆಗೆದು ಕಳುಹಿಸಿದೆನು.

"ಇದು ಚಾವಡಿಯೋ?" ಎಂದು ಕೇಳಿದರು.

"ಅಲ್ಲ ಅಪ್ಪಾ, ಇದೇ ಮನೆ" ಎಂದೆನು.

ಬಹಳ ಹೊತ್ತು ಮಾತಿರಲಿಲ್ಲ. ಮರುದಿನ ತಾವೇ ಫೋನು ಮಾಡಿ ತಂಗಿಯನ್ನು ಕರೆಯೆಂದರು. ಅವರು ಏನೇನು ಮಾತಾಡಿದರೆಂಬುದನ್ನು ಇಲ್ಲಿ ಬರೆಯತಕ್ಕದ್ದಲ್ಲ. ಅತ್ತೆಯ ಒಂದು ಮಾತು ಮಾತ್ರ ನನ್ನ ಕಿವಿಗೆ ಬಿತ್ತು: "ಕ್ಷಮಿಸಿದ್ದೇನೆ ಅಣ್ಣಾ, ಅಂದೇ ಕ್ಷಮಿಸಿದ್ದೇನೆ. ಕ್ಷಮೆ ಬೇರೆ, ಲೆಕ್ಕ ಬೇರೆ."

ಏಕೆ ಒಮ್ಮೆಯಾದರೂ ನಿಜವನ್ನು ತಿಳಿಸಲಿಲ್ಲವೆಂದು ನಾನು ಅತ್ತೆಯನ್ನು ಕೇಳಿದೆನು. "ಮನೆ ದೊಡ್ಡದೆಂದು ನಾನು ಬರೆಯಲಿಲ್ಲ. ಚಿಕ್ಕದೇ ಎಂದು ನೀವು ಕೇಳಲಿಲ್ಲ" ಎಂದರು. ಸ್ವಲ್ಪ ತಡೆದು, "ಇದು ನನಗೆ ಚಿಕ್ಕದೆನ್ನಿಸಿರಲೂ ಇಲ್ಲ. ಈ ಬಾಗಿಲನ್ನು ನಾನು ಹಾಕಿದರೆ ನಾನೇ ತೆರೆಯಬೇಕು. ಬೋರ್ಡಿಂಗಿನಲ್ಲಿಯೂ ಆಸ್ಪತ್ರೆಯಲ್ಲಿಯೂ ಅಪ್ಪನ ಮನೆಯಲ್ಲಿಯೂ ಅಂಥ ಬಾಗಿಲು ನನಗಿರಲಿಲ್ಲ" ಎಂದು ಸೇರಿಸಿದರು. ಪ್ರಕಟಣೆಯಲ್ಲಿ ಬಿಟ್ಟುಹೋದ ಮುಖ್ಯ ವಿಷಯ ಇದೇ.

ನಾನು ಮೇ ತಿಂಗಳ ಕೊನೆಗೆ ಹಿಂದಿರುಗಿದೆನು. ಸಂಘದ ಮಂಡಲಿಯವರು ಒಪ್ಪಿ, ಹಣ ಕೈಸೇರಿದ್ದು ಆಗಸ್ಟಿನಲ್ಲಿ. ಹೊರಡುವ ಮುನ್ನಾದಿನ ಅತ್ತೆ ತಮ್ಮ ಆಸ್ಪತ್ರೆಯಿದ್ದ ಕಡೆಗೆ ಹೋಗಿ ಬಂದರಂತೆ. 2010ರಲ್ಲಿ ಆ ಆಸ್ಪತ್ರೆ ಮುಚ್ಚಿತು. ಈಗ ಅಲ್ಲಿ ಕೋಟ್ಯಧೀಶರ ಮನೆಗಳಿವೆ. ಎದುರಿಗೆ, ಏಡ್ಸ್ ರೋಗದಿಂದ ಮಡಿದವರ ನೆನಪಿಗಾಗಿ 2016ರಲ್ಲಿ ಕಟ್ಟಿದ ಮಂಟಪವುಂಟು. ಅಲ್ಲಿ ಅರ್ಧ ಗಂಟೆ ಕುಳಿತಿದ್ದು, ತಾವು ಆರೈಕೆ ಮಾಡಿದವರ ಹೆಸರುಗಳನ್ನು ನೆನಪಾದಷ್ಟು ಹೇಳಿಕೊಂಡರಂತೆ.

ಊರಿನಲ್ಲಿ ಎಲ್ಲವೂ ಸುಲಭವಾಗಲಿಲ್ಲ. ಚಿಕ್ಕಪ್ಪ ಈಗಿಲ್ಲ; ಅವರ ಮಕ್ಕಳು ಮುಗಿದ ಲೆಕ್ಕವನ್ನು ತೆರೆಯಲು ಒಪ್ಪಲಿಲ್ಲ. ಅತ್ತೆಗೆ ನಾಲ್ಕು ಕೋಟಿ ಬಂದಿರುವಾಗ ಇನ್ನೂ ಏನು ಆಸೆಯೆಂದು ಕೇಳಿದವರುಂಟು. ಅಪ್ಪ ಯಾರೊಡನೆಯೂ ವಾದಿಸದೆ, ತಮ್ಮ ಪಾಲಿನ ಹಿತ್ತಿಲಿನಿಂದ ಹದಿನೈದು ಸೆಂಟ್ಸ್ ಜಾಗವನ್ನು ತಂಗಿಯ ಹೆಸರಿಗೆ ನೋಂದಣಿ ಮಾಡಿಕೊಟ್ಟರು. ಪತ್ರವನ್ನು ಅತ್ತೆ ಮೊದಲಿನಿಂದ ಕೊನೆಯ ತನಕ ಗಟ್ಟಿಯಾಗಿ ಓದಿದ ಮೇಲೆಯೇ ರುಜು ಹಾಕಿದರು. ಕಚೇರಿಯ ಗುಮಾಸ್ತರು ಎರಡು ಸಲ ಗಡಿಯಾರವನ್ನು ನೋಡಿದರು. ಅಪ್ಪ ಕೈಕಟ್ಟಿ ನಿಂತಿದ್ದರು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನೀವು ದುಡಿದು ತೌರಿಗೆ ಕೊಡುವುದು ಒಳ್ಳೆಯದೇ. ಕೊಟ್ಟದ್ದೆಷ್ಟು, ಉಳಿದದ್ದೆಷ್ಟು ಎಂಬುದನ್ನು ನಿಮ್ಮವರಿಗೆ ತಿಳಿಸಿರಿ. ಓದದೆ ಯಾವ ಕಾಗದಕ್ಕೂ ರುಜು ಹಾಕಬೇಡಿರಿ. ಓದಲು ಈ ಶಾಲೆ ನಿಮಗೆ ಕಲಿಸಿದೆ. ತಾಯ್ತಂದೆಗಳೇ, ಅಣ್ಣತಮ್ಮಂದಿರೇ, ದೂರದಲ್ಲಿರುವ ಹೆಣ್ಣುಮಗಳ ಕಿಟಕಿಗಳನ್ನು ನೀವು ಇಲ್ಲಿಂದ ಎಣಿಸಬೇಡಿರಿ. ಅವಳಿಗೆ ಸಲ್ಲುವುದನ್ನು ಪ್ರೀತಿಯ ಹೆಸರಿನಲ್ಲಿ ಬಿಟ್ಟುಕೊಡು ಎಂದು ಕೇಳಬೇಡಿರಿ. ನನ್ನ ಮಟ್ಟಿಗೆ ಹೇಳುವುದಾದರೆ, ಶಾಲೆಯ ವಸತಿಗೃಹದ ಬೀಗದ ಕೈಯನ್ನು ನಿವೃತ್ತಿಯ ದಿನ ನಾನು ಹಿಂದಕ್ಕೆ ಕೊಡತಕ್ಕವಳು. ಅತ್ತೆಯ ಕೋಣೆಯನ್ನು ನೋಡಿ ಬಂದ ಮೇಲೆ ನಾನೂ ಒಂದು ಚಿಕ್ಕ ಮನೆಗಾಗಿ ತಿಂಗಳ ಕಂತು ಕಟ್ಟಲು ತೊಡಗಿದ್ದೇನೆ.

ಅತ್ತೆಯ ಹೊಸ ಮನೆ ಕಳೆದ ಡಿಸೆಂಬರಿನಲ್ಲಿ ಮುಗಿಯಿತು. ಹಣವಿದ್ದರೂ ದೊಡ್ಡದಾಗಿ ಕಟ್ಟಲಿಲ್ಲ. ಒಂದು ದೊಡ್ಡ ಕೋಣೆ, ಅಡಿಗೆಮನೆ, ಬಚ್ಚಲು, ಎರಡು ಕಿಟಕಿ. ನಮ್ಮ ಮನೆಗೂ ಅದಕ್ಕೂ ನೂರು ಹೆಜ್ಜೆಯ ಅಂತರ. ಅಪ್ಪ ಪ್ರತಿ ಸಂಜೆ ಅಲ್ಲಿಗೆ ಹೋಗುವರು. ಹಿಂದೆ ಯಾರ ಮನೆಗಾದರೂ ಕೂಗುತ್ತಲೇ ಒಳಗೆ ನುಗ್ಗುತ್ತಿದ್ದವರು, ಅಲ್ಲಿ ಮಾತ್ರ ಮೆಟ್ಟಿಲ ಬಳಿ ನಿಂತು ಕೆಮ್ಮುವರು. ಅತ್ತೆ ಒಳಗಿನಿಂದ ನಿಧಾನವಾಗಿ ಬಂದು, ಅಗುಳಿ ತೆಗೆದು, "ಬಾ ಅಣ್ಣಾ" ಎನ್ನುವ ತನಕ ಅವರು ಹೊರಗೆ ಕಾಯುವರು.